ಶೆಫೀಲ್ಡಿನ ಎಡಚಿ ಕ್ವಾರ್ಟರ್‌ಬ್ಯಾಕ್

ಎಡಗೈಯವರ ಬಾಳಿನಲ್ಲಿ ಹೋಗಿ ದೂರು ಕೊಡುವಂಥ ಅನ್ಯಾಯ ಒಂದೂ ನಡೆಯುವುದಿಲ್ಲ. ಕತ್ತರಿ ಕತ್ತರಿಸುವುದಿಲ್ಲ, ಸೌಟಿನ ಮೂತಿ ಆಚೆ ಕಡೆ ಇರುತ್ತದೆ, ಕಾಲೇಜಿನ ಕುರ್ಚಿಗೆ ಬರೆಯುವ ಹಲಗೆ ಬಲಗಡೆಗೇ ಅಂಟಿರುತ್ತದೆ, ತೀರ್ಥ ಕೊಡಲು ಬಂದ ಭಟ್ಟರು ಕೈ ಹಿಂದಕ್ಕೆಳೆದುಕೊಂಡು "ಆ ಕೈ" ಅನ್ನುತ್ತಾರೆ. ದೊಡ್ಡದೇನಲ್ಲ. ಆದರೆ ನಿಲ್ಲುವುದೂ ಇಲ್ಲ. ನಾನು ಪುತ್ತೂರಿನಲ್ಲಿದ್ದಾಗಲೂ ನಡೆಯುತ್ತಿತ್ತು, ಲೋಹಶಾಸ್ತ್ರದಲ್ಲಿ ಮಾಸ್ಟರ್ಸ್ ಮಾಡಲು ಶೆಫೀಲ್ಡಿಗೆ ಬಂದ ಮೇಲೂ ನಡೆಯಿತು. ವ್ಯತ್ಯಾಸ ಇಷ್ಟೇ, ಶೆಫೀಲ್ಡಿನಲ್ಲಿ ನನ್ನ ತಲೆಗೆ ಹೆಲ್ಮೆಟ್ ಇತ್ತು.

ನಿನ್ನಂಥವರು

ಟ್ರಾಮ್ ಇಳಿದು ಬಾಡಿಗೆ ಮನೆಗೆ ಹೋಗುವ ದಾರಿಯಲ್ಲಿ ಒಂದು ಪಾರ್ಕ್ ಇತ್ತು. ಬಂದ ಹೊಸತರಲ್ಲಿ ಒಂದು ಸಂಜೆ ಅಲ್ಲಿ ಹೆಲ್ಮೆಟ್ ಹಾಕಿದ ಹೆಂಗಸರು ಒಬ್ಬರನ್ನೊಬ್ಬರು ಕೆಸರಿಗೆ ಕೆಡವುತ್ತಿದ್ದರು. ಜಗಳ ಇರಬೇಕು ಅಂತ ದೂರದಿಂದಲೇ ಹೋಗುತ್ತಿದ್ದೆ. ಅಷ್ಟರಲ್ಲಿ ಎರಡೂ ತುದಿ ಚೂಪಾದ ಒಂದು ಚೆಂಡು ಉರುಳಿಕೊಂಡು ಬಂದು ನನ್ನ ಕಾಲಿಗೆ ತಾಗಿತು.

ನಾನು ಶಾಲೆಯಲ್ಲಿ, ಕಾಲೇಜಿನಲ್ಲಿ ಥ್ರೋಬಾಲ್ ಆಡಿದವಳು. ಎತ್ತಿ ಎಸೆದೆ. ಅದು ಅವರೆಲ್ಲರ ತಲೆಯ ಮೇಲಿಂದ ಹಾದು ಮೈದಾನದ ಆಚೆ ತುದಿಯಲ್ಲಿ ಬಿತ್ತು. ಅವರ ಕೋಚ್ ಓಡಿ ಬಂದ. ಹಗಲು ಹೊತ್ತು ಜನರಿಗೆ ಕಾರು ಓಡಿಸಲು ಕಲಿಸುವ, ಅಮೆರಿಕನ್ ಫುಟ್‌ಬಾಲ್ ಆಟವನ್ನು ಪೂರ್ತಿ ಟಿವಿ ನೋಡಿಯೇ ಕಲಿತ ಮನುಷ್ಯ.

"ಇನ್ನೊಂದು ಸಲ ಎಸಿ, ಲವ್" ಅಂದ.

ಯಾರ್ಕ್‌ಷೈರಿನಲ್ಲಿ ಬಸ್ ಡ್ರೈವರನಿಂದ ಹಿಡಿದು ತರಕಾರಿ ಮಾರುವವನವರೆಗೆ ಎಲ್ಲರೂ ಎಲ್ಲರನ್ನೂ ಲವ್ ಅಂತಲೇ ಕರೆಯುತ್ತಾರೆ. ಅದಕ್ಕೆ ಅರ್ಥವೇನಿಲ್ಲ, ನಮ್ಮ ಊರಿನ 'ಮಾರಾಯ್ತಿ' ಇದ್ದ ಹಾಗೆ. ಇನ್ನೊಂದು ಸಲ ಎಸೆದೆ. ಅವನು ಚೆಂಡು ಹೋದ ಕಡೆ ನೋಡಲಿಲ್ಲ. ನನ್ನ ತೋಳು ನೋಡಿದ. ಮುಖ ಸ್ವಲ್ಪ ಸಪ್ಪಗಾಯಿತು.

"ನಮ್ಮ ತಂಡದಲ್ಲಿ ಇದುವರೆಗೆ ನಿನ್ನಂಥವರು ಯಾರೂ ಇಲ್ಲ."

ಇಂಥ ಮಾತಿಗೆ ನಾನು ಅಷ್ಟು ಹೊತ್ತಿಗೆ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ಬಾಡಿಗೆ ಮನೆ ಹುಡುಕುವಾಗ ಬಹಳ ಸಲ ಬಳಸಿದ್ದೆ. "ನಾನು ಭಾರತದವಳು. ಆದರೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಯಾರಿಗೂ ತೊಂದರೆ ಆಗುವುದಿಲ್ಲ" ಅಂದೆ.

"ಎಲ್ಲಿಯವಳಾದರೂ ನನಗೇನು? ನಾನು ಹೇಳಿದ್ದು ಎಡಗೈ" ಅಂದ. ಆಮೇಲೆ ಮೆತ್ತಗೆ, "ಪರವಾಗಿಲ್ಲ, ಹೇಗಾದರೂ ನಿಭಾಯಿಸೋಣ" ಅಂದ.

ಇಂಗ್ಲೆಂಡಿಗೆ ಬಂದ ಮೇಲೆ ನನ್ನ ಬಣ್ಣವನ್ನು ಗಮನಿಸದೆಯೇ ನನ್ನನ್ನು ಹೊರಗಿನವಳನ್ನಾಗಿ ಮಾಡಿದ ಮೊದಲ ಮನುಷ್ಯ ಅವನು.

ಗಾಳಿಯ ತಪ್ಪು, ಕೈಯ ತಪ್ಪು

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ನಮ್ಮ ಹೆಂಗಸರ ಆಟದಲ್ಲಿ ಒಂದು ಕಡೆಗೆ ಏಳು ಜನ. ಚೆಂಡನ್ನು ಮುಂದೆ ಓಡುವವಳಿಗೆ ಎಸೆಯಬೇಕಾದವಳು ಕ್ವಾರ್ಟರ್‌ಬ್ಯಾಕ್. ಅವಳು ಎಸೆಯುವ ಮೊದಲೇ ಎದುರಿನವರು ಬಂದು ಅವಳನ್ನು ನೆಲಕ್ಕೆ ಕೆಡವಬೇಕು. ಕೋಚ್ ನನ್ನನ್ನು ಕ್ವಾರ್ಟರ್‌ಬ್ಯಾಕ್ ಮಾಡಿದ. ನನ್ನಷ್ಟು ದೂರ ಎಸೆಯುವವರು ಬೇರೆ ಯಾರೂ ಇರಲಿಲ್ಲ.

ನಾನು ಎಸೆದದ್ದನ್ನು ಹಿಡಿಯಬೇಕಾದವಳು ಸೂಪರ್‌ಮಾರ್ಕೆಟ್ ಬೇಕರಿಯಲ್ಲಿ ಕೆಲಸ ಮಾಡುವ ಹುಡುಗಿ. ಗಾಳಿಯ ಹಾಗೆ ಓಡುತ್ತಿದ್ದಳು, ಕೈ ಮಾತ್ರ ಬೆಣ್ಣೆ. ಅಭ್ಯಾಸಕ್ಕೆ ಕೋಚೂ ಬಲಗೈಯಲ್ಲಿ ಅವಳಿಗೆ ಎಸೆಯುತ್ತಿದ್ದ. ಅವನು ಎಸೆದದ್ದನ್ನು ಅವಳು ಬಿಟ್ಟರೆ, "ಗಾಳಿ ಜಾಸ್ತಿ ಇವತ್ತು" ಅನ್ನುತ್ತಿದ್ದ. ನಾನು ಎಸೆದದ್ದನ್ನು ಬಿಟ್ಟರೆ ಇಬ್ಬರೂ ನನ್ನ ಕಡೆ ತಿರುಗುತ್ತಿದ್ದರು.

"ಇವಳ ಚೆಂಡು ತಪ್ಪು ದಿಕ್ಕಿಗೆ ತಿರುಗುತ್ತಾ ಬರುತ್ತೆ" ಅಂದಳು ಬೇಕರಿಯವಳು.

ಅದು ಸುಳ್ಳಲ್ಲ. ಬಲಗೈಯಿಂದ ಹೊರಟ ಚೆಂಡು ಗಾಳಿಯಲ್ಲಿ ಒಂದು ಕಡೆಗೆ ತಿರುಗಿದರೆ ಎಡಗೈಯದು ಇನ್ನೊಂದು ಕಡೆಗೆ. ಆದರೆ ಅವಳು ಎರಡನ್ನೂ ಒಂದೇ ರೀತಿ ಕೈಚೆಲ್ಲುತ್ತಿದ್ದಳು. ಅದನ್ನು ಹೇಳಿ ನೋಡಿದೆ. ಕೋಚ್ ಗಲ್ಲ ಕೆರೆದುಕೊಂಡು, "ಒಂದೇ ಒಂದು ಸಲ ಬಲಗೈಯಲ್ಲಿ ಪ್ರಯತ್ನ ಮಾಡ್ತೀಯಾ? ಸುಮ್ಮನೆ, ನೋಡೋಣ" ಅಂದ.

ಬಲಗೈಯಲ್ಲಿ ನಾನು ಊಟ ಮಾಡುತ್ತೇನೆ, ಕೈ ಮುಗಿಯುವಾಗ ಅರ್ಧ ಕೆಲಸ ಮಾಡಿಸುತ್ತೇನೆ. ಅದಕ್ಕಿಂತ ಹೆಚ್ಚು ಅದರಿಂದ ಬಯಸಿದವಳಲ್ಲ. ಆದರೂ ಎಸೆದೆ. ಚೆಂಡು ಮೇಲಕ್ಕೆ ಹೋಗಿ, ಯೋಚನೆ ಮಾಡಿ, ನನ್ನ ಪಾದದ ಹತ್ತಿರವೇ ಬಿತ್ತು.

ದೂರದಲ್ಲಿ ಕೈ ಚಾಚಿ ನಿಂತಿದ್ದ ಬೇಕರಿಯವಳು ಕೂಗಿ ಹೇಳಿದಳು, "ಈಗ ಸರಿಯಾಗಿ ತಿರುಗ್ತಾ ಇದೆ."

ಎಲ್ಲ ಉಲ್ಟಾ

ನಮ್ಮ ಆಟದ ಯೋಜನೆಗಳೆಲ್ಲ ಬಲಗೈಯವಳಿಗೆಂದು ಹೆಣೆದವು. ಬಲಕ್ಕೆ ಓಡಿ ಬಲಕ್ಕೆ ಎಸೆಯುವುದೇ ಹೆಚ್ಚು. ಲೀಡ್ಸ್‌ನಲ್ಲಿ ನನ್ನ ಮೊದಲ ಪಂದ್ಯದ ಬೆಳಗ್ಗೆ ಕೋಚ್ ನನ್ನನ್ನು ಬದಿಗೆ ಕರೆದ. "ರಾತ್ರಿಯೆಲ್ಲ ಯೋಚಿಸಿದೆ. ನಿನಗೆ ಎಲ್ಲ ಉಲ್ಟಾ. ನಾನು ಬಲ ಅಂದರೆ ನೀನು ಎಡಕ್ಕೆ ಹೋಗು. ಸುಲಭ."

ನನಗೆ ಕಣ್ಣು ತುಂಬಿ ಬಂತು. ಹುಟ್ಟಿದಾಗಿನಿಂದ ಯಾರೂ ನನ್ನ ಕೈಗೋಸ್ಕರ ಒಂದು ಸ್ಟೂಲನ್ನೂ ಸರಿಸಿರಲಿಲ್ಲ. ಈ ಮನುಷ್ಯ ಇಡೀ ತಂಡವನ್ನೇ ಸರಿಸುತ್ತಿದ್ದಾನೆ ಅಂದುಕೊಂಡೆ.

ಅವನು ಹೇಳಿದ್ದು ನನಗೊಬ್ಬಳಿಗೇ ಅಂತ ನನಗೆ ಗೊತ್ತಿರಲಿಲ್ಲ.

ಕೋಚ್ 'ಬಲ' ಅಂದ. ಚೆಂಡು ಕೈಗೆ ಬಂತು. ನಾನು ಎಡಕ್ಕೆ ಓಡಿದೆ. ನಮ್ಮ ಉಳಿದ ಆರೂ ಜನ ಒಳ್ಳೆಯ ಹುರುಪಿನಿಂದ ಬಲಕ್ಕೆ ಓಡಿದರು. ಸ್ವಲ್ಪ ದೂರ ಹೋಗಿ ತಲೆ ಎತ್ತಿದರೆ ಮೈದಾನದ ಆ ಭಾಗದಲ್ಲಿ ಲೀಡ್ಸಿನ ಹೆಂಗಸರು ಮತ್ತು ನಾನು ಮಾತ್ರ. ಅವರಿಗೂ ಇದು ಏನೋ ತಂತ್ರ ಅನ್ನಿಸಿ ಒಂದು ಕ್ಷಣ ನಿಂತರು. ನನ್ನ ಎದುರಿಗಿದ್ದವಳು ನನ್ನ ಹಿಂದೆ ಇಣುಕಿ ನೋಡಿದಳು. ಯಾರೂ ಇರಲಿಲ್ಲ.

"ನೀನು ಒಬ್ಬಳೇನಾ?" ಅಂತ ಕೇಳಿದಳು.

"ಹೌದು ಅಂತ ಕಾಣುತ್ತೆ" ಅಂದೆ.

ಕೆಡವಿದಳು. ಒಳ್ಳೆಯವಳು, ಆಮೇಲೆ ಕೈ ಕೊಟ್ಟು ಎಬ್ಬಿಸಿ, ನನ್ನ ಭುಜ ಹಿಡಿದು ತಿರುಗಿಸಿ, "ನಿಮ್ಮವರು ಅಲ್ಲಿದ್ದಾರೆ" ಅಂತ ತೋರಿಸಿದಳು.

ಕೋಚ್ ಹತ್ತಿರ ಹೋಗಿ, "ನೀವೇ ಹೇಳಿದಿರಲ್ಲ, ಎಡಕ್ಕೆ ಹೋಗು ಅಂತ" ಅಂದೆ.

"ಹೇಳಿದೆ. ನೀನು ಮಾತು ಕೇಳಿದೆ, ಅದು ಒಳ್ಳೆಯದು" ಅಂದ. "ಆದರೆ ತಂಡ ಅಂದಮೇಲೆ ಎಲ್ಲರ ಜೊತೆ ಹೋಗಬೇಕು, ಲವ್."

ಬೆನ್ನ ಕಡೆಯ ಟೀಚರ್

ಬಲಗೈಯವಳು ಎಸೆಯಲು ನಿಂತಾಗ ಅವಳ ಬೆನ್ನು ಎಡಗಡೆಗಿರುತ್ತದೆ. ಅಲ್ಲಿಂದ ಯಾರು ಬಂದರೂ ಅವಳಿಗೆ ಕಾಣುವುದಿಲ್ಲ. ಅದಕ್ಕೇ ಎಲ್ಲ ತಂಡಗಳೂ ತಮ್ಮ ಗಟ್ಟಿ ಹೆಂಗಸನ್ನು ಎಡಗಡೆ ಕಾವಲಿಗೆ ನಿಲ್ಲಿಸುತ್ತವೆ. ನಮ್ಮಲ್ಲಿ ಎಡಕ್ಕೆ ನಿಲ್ಲುತ್ತಿದ್ದವಳು ಜೈಲಿನಲ್ಲಿ ವಾರ್ಡನ್. ಅವಳನ್ನು ದಾಟಿ ಬಂದವರನ್ನು ನಾನು ನೋಡಿಲ್ಲ. ಬಲಕ್ಕೆ ನಿಲ್ಲುತ್ತಿದ್ದವಳು ಪುಟ್ಟ ಮಕ್ಕಳ ಶಾಲೆಯ ಟೀಚರ್. ಅಷ್ಟು ಮೃದು ಹೆಂಗಸನ್ನೂ ನಾನು ನೋಡಿಲ್ಲ.

ನಾನು ಎಸೆಯಲು ನಿಂತರೆ ಬೆನ್ನು ಬರುವುದು ಬಲಗಡೆಗೆ, ಅಂದರೆ ಟೀಚರ್ ಕಡೆಗೆ.

"ಅವರಿಬ್ಬರನ್ನು ಅದಲು ಬದಲು ಮಾಡಿದರೆ ಆಯ್ತಲ್ಲ" ಅಂತ ಕೋಚಿಗೆ ಹೇಳಿದೆ.

"ಅದು ಹೇಗಾಗುತ್ತೆ? ಅವಳಿಗೆ ಎಡಗಡೆ ನಿಂತು ಅಭ್ಯಾಸ."

"ನನಗೂ ಎಡಗೈಯಲ್ಲಿ ಎಸೆದು ಅಭ್ಯಾಸ."

"ಅವಳು ಬಹಳ ವರ್ಷದಿಂದ ಇದ್ದಾಳೆ" ಅಂದ. ನಾನು ಎಡಚಿಯಾಗಿ ಇಪ್ಪತ್ತಮೂರು ವರ್ಷ ಆಗಿತ್ತು. ಅದು ಲೆಕ್ಕಕ್ಕೆ ಬರಲಿಲ್ಲ.

ವಾರ್ಡನ್ ನನ್ನ ಕಣ್ಣೆದುರಿನ ಕಡೆಯನ್ನು, ನನಗೆ ಚೆನ್ನಾಗಿ ಕಾಣುವ ಕಡೆಯನ್ನು, ಕೋಟೆಯ ಹಾಗೆ ಕಾದಳು. ಮುಂದಿನ ಪಂದ್ಯದಲ್ಲಿ ನಾನು ಕೈ ಎತ್ತಿ ಬೇಕರಿಯವಳನ್ನು ಹುಡುಕುತ್ತಿರುವಾಗ ಬಲಗಡೆಯಿಂದ, ಬೆನ್ನ ಹಿಂದಿನಿಂದ, ಒಂದು ಲಾರಿ ಬಂದು ಗುದ್ದಿದ ಹಾಗಾಯಿತು. ಬೀಳುವಾಗ ಎಡಗೈ ಕೆಳಗೆ ಸಿಕ್ಕಿ ಮಣಿಕಟ್ಟು ಮುರಿಯಿತು. ಆ ಸದ್ದು ನನಗೇ ಕೇಳಿಸಿತು.

ನಾನು ಮಲಗಿದಲ್ಲಿಂದ ಟೀಚರ್ ಸ್ವರ ಕೇಳುತ್ತಿತ್ತು. ನನ್ನನ್ನು ಕೆಡವಿದವಳ ಹತ್ತಿರ, "ನಿನಗೆ ಪೆಟ್ಟಾಗಲಿಲ್ಲ ತಾನೇ?" ಅಂತ ವಿಚಾರಿಸುತ್ತಿದ್ದಳು.

ಕೋಚ್ ಬಂದು, "ಅವಳನ್ನು ಯಾಕೆ ಬಿಟ್ಟೆ?" ಅಂದ.

"ಎಕ್ಸ್‌ಕ್ಯೂಸ್ ಮಿ ಅಂದಳು" ಅಂದಳು ಟೀಚರ್.

ಸದ್ಯ, ಎಡಗೈ

ಆಸ್ಪತ್ರೆಯಲ್ಲಿ ನನ್ನ ಹೆಸರು ನೋಡಿ ಒಬ್ಬ ಡಾಕ್ಟರು ನಗುತ್ತಾ ಬಂದರು. ಧಾರವಾಡದವರು. ಎಕ್ಸ್‌ರೇ ಎತ್ತಿ ಹಿಡಿದು ನೋಡಿ, "ಚಿಂತಿ ಮಾಡಬ್ಯಾಡ್ರಿ. ಎಡಗೈ ಐತಿ. ಬರಿಯೋ ಕೈ ಉಳೀತಲ್ಲ" ಅಂದರು.

"ನಾನು ಬರೆಯೋದು ಎಡಗೈಯಲ್ಲೇ, ಡಾಕ್ಟ್ರೇ."

ಅವರ ಮುಖ ಒಂದು ಗಳಿಗೆ ಗಂಭೀರವಾಯಿತು. "ಊಟ?"

"ಊಟ ಬಲಗೈಯಲ್ಲಿ. ಅಮ್ಮ ಹೊಡೆದು ಕಲಿಸಿದ್ದು."

"ಮತ್ತಿನ್ನೇನ್ರಿ, ಊಟಕ್ಕ ತ್ರಾಸಿಲ್ಲ" ಅಂತ ಮತ್ತೆ ನಕ್ಕರು.

ಅಮ್ಮನಿಗೆ ಫೋನ್ ಮಾಡಿ, ಹಿಮದಲ್ಲಿ ಜಾರಿ ಬಿದ್ದೆ ಅಂದೆ. ಹೆಲ್ಮೆಟ್ ಹಾಕಿಕೊಂಡು ಹೆಂಗಸರ ಕೈಲಿ ಬೀಳಿಸಿಕೊಳ್ಳುತ್ತೇನೆ ಅಂತ ಹೇಳಿದರೆ ಅವರು ಮರುದಿನವೇ ವಿಮಾನ ಹತ್ತುತ್ತಿದ್ದರು. ಅಮ್ಮ ಗಾಬರಿಯಲ್ಲಿ, "ಯಾವ ಕೈ ಮಗಾ?" ಅಂದರು.

"ಎಡಗೈ."

ಆಚೆಯಿಂದ ದೊಡ್ಡದೊಂದು ಉಸಿರು ಕೇಳಿಸಿತು. "ಅಷ್ಟೇನಾ? ದೇವರು ದೊಡ್ಡವ. ನಾನು ಎಂತದೋ ಅಂತ ಹೆದರಿದೆ."

ಅದೇ ಸಮಯಕ್ಕೆ ಯುಗಾದಿ ಬಂತು. ಬರ್ಮಿಂಗ್‌ಹ್ಯಾಮಿನ ಪಕ್ಕದ ಸಟನ್ ಕೋಲ್ಡ್‌ಫೀಲ್ಡಿನಲ್ಲಿ ಅಮ್ಮನ ಗೆಳತಿಯೊಬ್ಬರ ಅಕ್ಕ ಇದ್ದರು, ಮೈಸೂರಿನವರು. ಹಬ್ಬಕ್ಕೆ ಸುತ್ತಲಿನ ಕನ್ನಡದವರನ್ನೆಲ್ಲ ಮನೆಗೆ ಕರೆಯುತ್ತಿದ್ದರು. ದೀಪಾವಳಿಗೆ ಹೋಗಿದ್ದಾಗ ನಾನು ಎಡಗೈಯಲ್ಲಿ ಸೌಟು ಹಿಡಿದೆ ಅಂತ ಆಂಟಿ ನನ್ನ ಕೈಯಿಂದ ಪಾತ್ರೆಯನ್ನೇ ಕಸಿದುಕೊಂಡಿದ್ದರು. ಈ ಸಲ ಪ್ಲಾಸ್ಟರ್ ನೋಡಿದ ಕೂಡಲೇ ಅವರ ಮುಖ ಅರಳಿತು.

"ಬಾ ಪುಟ್ಟಿ. ಈಗ ನಿಂಗೆ ಬೇರೆ ದಾರಿ ಇಲ್ಲ ಕಣೇ. ಸಾರು ನೀನೇ ಬಡಿಸು."

ಸಾರಿನ ಬಕೆಟ್ಟನ್ನು ಪ್ಲಾಸ್ಟರಿನ ಮೊಣಕೈಗೆ ನೇತುಹಾಕಿದರು. ಬಲಗೈಗೆ ಸೌಟು ಕೊಟ್ಟರು. ಮೊದಲನೆಯ ಎಲೆಗೆ ಹೇಗೋ ಬಡಿಸಿದೆ. ಎರಡನೆಯದು ಒಬ್ಬ ಹಿರಿಯರದು, ರೇಷ್ಮೆ ಪಂಚೆ ಉಟ್ಟು ಬಂದಿದ್ದರು. ಸೌಟು ಎಲೆಗೆ ಹೋಗಲಿಲ್ಲ. ಬಿಸಿ ಸಾರು ಪೂರ್ತಿ ಅವರ ತೊಡೆಯ ಮೇಲೆ ಹೋಯಿತು.

ಅವರು ಎದ್ದು ನಿಂತು, ಪಂಚೆಯನ್ನು ಮೈಯಿಂದ ದೂರ ಹಿಡಿದುಕೊಂಡು, ನನ್ನ ಕೈ ಕಡೆ ನೋಡಿ, "ಎಡಗೈಯಲ್ಲಿ ಬಡಿಸ್ತಿದ್ದೀಯೇನಮ್ಮ?" ಅಂದರು.

"ಇಲ್ಲ ಇಲ್ಲ, ಬಲಗೈಯಲ್ಲೇ" ಅಂದರು ಆಂಟಿ.

"ಹಾಗಾದ್ರೆ ಸರಿ" ಅಂತ ಅವರು ಕೂತರು.

ಎಂಟನೇ ನಂಬರಿನವಳು

ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ಕಡ್ಡಿಯಂತಾಗಿತ್ತು. ನೀರಿನ ಬಾಟಲಿ ಎತ್ತಿಳಿಸಿ, ಮನೆಯ ಹಿಂದಿನ ಗೋಡೆಗೆ ಚೆಂಡೆಸೆದು ಎಸೆದು ಅದನ್ನು ಮತ್ತೆ ದಾರಿಗೆ ತಂದೆ. ಪಕ್ಕದ ಮನೆಯವರು ಕೌನ್ಸಿಲಿಗೆ ದೂರು ಕೊಡುವವರೆಗೂ ಎಸೆದೆ. ಆ ಆಟ ನನಗೆ ಬೇಕಾಗಿತ್ತು. ಆ ಊರಿನಲ್ಲಿ ನಾನು ಜೋರಾಗಿ ಮಾಡಬಹುದಾದ ಕೆಲಸ ಅದೊಂದೇ ಇತ್ತು.

ಪಾರ್ಕಿಗೆ ಹೋದರೆ ನನ್ನ ಜಾಗದಲ್ಲಿ ಒಬ್ಬ ಹೇರ್‌ಡ್ರೆಸ್ಸರ್ ನಿಂತಿದ್ದಳು. ಬಲಗೈ. ನಾನು ಎಸೆಯುವ ಅರ್ಧ ದೂರ ಎಸೆಯುತ್ತಿದ್ದಳು. ಬೇಕರಿಯವಳು ಅದನ್ನೂ ಬಿಡುತ್ತಿದ್ದಳು, ಗಾಳಿಯ ದೆಸೆಯಿಂದ. "ನೀನು ಬೇಡ ಅಂತಲ್ಲ, ಆದರೆ ಈಗ ಎಲ್ಲ ಒಂದು ಹದಕ್ಕೆ ಬಂದಿದೆ" ಅಂದ ಕೋಚ್.

ಬೇಸಿಗೆಯ ಹೊತ್ತಿಗೆ ಬರ್ಮಿಂಗ್‌ಹ್ಯಾಮಿನ ತಂಡದ ಮೇಲೆ ಪಂದ್ಯ ಗೊತ್ತಾಯಿತು. ಗೆದ್ದರೆ ಮೇಲಿನ ಗುಂಪಿಗೆ, ಸೋತರೆ ಆ ವರ್ಷಕ್ಕೆ ಮುಗಿಯಿತು. ಆ ವಾರ ಕೋಚ್ ನನ್ನ ಕಡೆಗೆ ಓಡಿಕೊಂಡು ಬಂದ. ನಾನು ಮೊದಲ ದಿನ ಚೆಂಡು ಎಸೆದಾಗ ಓಡಿ ಬಂದ ಹಾಗೆಯೇ.

"ನೀನು ಬೇಕು. ನೀನಿಲ್ಲದೆ ಆಗೋದೇ ಇಲ್ಲ."

ನಾನು ಆಗಲೇ ಹೆಲ್ಮೆಟ್ ಎತ್ತಿಕೊಂಡೆ. "ಯಾಕೆ?" ಅಂದೆ.

"ಬರ್ಮಿಂಗ್‌ಹ್ಯಾಮಿನ ಕ್ವಾರ್ಟರ್‌ಬ್ಯಾಕ್ ಎಡಗೈಯವಳು. ನೀನು ಅಭ್ಯಾಸದಲ್ಲಿ ಅವಳ ಹಾಗೆ ಆಡು. ಇವರೆಲ್ಲ ನಿನ್ನನ್ನು ಕೆಡವೋದು ಕಲಿಯಲಿ."

ಅವನು ಎಲ್ಲರನ್ನೂ ಕೂರಿಸಿ ಒಂದು ವಿಡಿಯೋ ತೋರಿಸಿದ. ಆ ತಂಡದ ಒಂದು ಪಂದ್ಯವನ್ನು ಯಾರೋ ಮಳೆಯಲ್ಲಿ, ದೂರದಿಂದ, ಫೋನಿನಲ್ಲಿ ತೆಗೆದು ಇಂಟರ್ನೆಟ್ಟಿಗೆ ಹಾಕಿದ್ದರು. ಮಸುಕು ಮಸುಕಾಗಿತ್ತು. ಎಂಟನೇ ನಂಬರಿನ ಒಬ್ಬಳು ಎಡಗೈಯಲ್ಲಿ ಎಸೆಯುವುದು ಮಾತ್ರ ಸ್ಪಷ್ಟ. ಹಿಂದೆ ಒಂದು ಉದ್ದನೆಯ ಬೋರ್ಡ್ ಇತ್ತು. ಅದರ ಅಕ್ಷರಗಳನ್ನು ಎಷ್ಟು ದಿಟ್ಟಿಸಿದರೂ ಓದಲಾಗಲಿಲ್ಲ.

"ಅದು ಯಾವ ಭಾಷೆ?" ಅಂದಳು ಟೀಚರ್.

ಎಲ್ಲರೂ ನನ್ನ ಕಡೆ ತಿರುಗಿದರು.

"ನಿಮ್ಮದಾ?" ಅಂದಳು ವಾರ್ಡನ್.

"ನಮ್ಮದು ಇನ್ನೂ ದುಂಡಗಿರುತ್ತೆ" ಅಂದೆ.

"ಬರ್ಮಿಂಗ್‌ಹ್ಯಾಮ್ ಅಲ್ವಾ, ಏನು ಬೇಕಾದರೂ ಇರುತ್ತೆ" ಅಂತ ಕೋಚ್ ಮುಂದೆ ಹೋದ.

ಅಭ್ಯಾಸ ಶುರುವಾಯಿತು. ನನಗೆ ಎಂಟು ಅಂತ ಬರೆದ ಅಂಗಿ ಕೊಟ್ಟರು. ಹಿಂದೆ ನನ್ನ ಬೆನ್ನ ಕಡೆ ಕಾವಲಿಗೆ ಸಿಗದಿದ್ದ ವಾರ್ಡನ್ ಈಗ ಪ್ರತಿಸಲವೂ ಅದೇ ಕಡೆಯಿಂದ ಬರುತ್ತಿದ್ದಳು, ಕೆಡವಲು. ನಾನು ಚೆನ್ನಾಗಿ ಎಸೆದರೆ ಕೋಚ್ ಎಲ್ಲರಿಗೂ, "ನೋಡಿದ್ರಾ, ಬರ್ಮಿಂಗ್‌ಹ್ಯಾಮಿನವಳು ಎಷ್ಟು ಚೆನ್ನಾಗಿ ಎಸೀತಾಳೆ" ಅನ್ನುತ್ತಿದ್ದ. ನಾನು ತಪ್ಪಿದರೆ, "ನೀನು ಅವಳ ಹಾಗೆ ಎಸಿ, ನಿನ್ನ ಹಾಗೆ ಎಸೀಬೇಡ" ಅನ್ನುತ್ತಿದ್ದ. ಒಂದು ಸಂಜೆ ಮೈ ಪೂರ್ತಿ ಜಜ್ಜಿಹೋಗಿ ಕೂತಿದ್ದಾಗ, ಆ ಎಂಟನೇ ನಂಬರಿನವಳನ್ನು ನೆನೆದೆ. ಬರ್ಮಿಂಗ್‌ಹ್ಯಾಮಿನಲ್ಲಿ ಯಾರೋ ಒಬ್ಬಳು ಎಡಗೈಯಲ್ಲಿ ಎಸೆಯುತ್ತಾಳೆ, ಅವಳ ತಂಡ ಅವಳನ್ನು ಇಟ್ಟುಕೊಂಡಿದೆ. ಅವಳನ್ನು ನೋಡಬೇಕು, ಮಾತಾಡಿಸಬೇಕು ಅನ್ನಿಸಿತು. ನಿಜ ಹೇಳಬೇಕೆಂದರೆ, ಅವಳೇ ಗೆಲ್ಲಲಿ ಅನ್ನಿಸಿತು.

ಪಂದ್ಯದ ದಿನ ಮಿನಿಬಸ್ ಇಳಿದು ಮೈದಾನಕ್ಕೆ ಹೋದೆವು. ಬಿಸಿಲಿತ್ತು. ಮೈದಾನದ ಅಂಚಿನಲ್ಲಿ ಅದೇ ಉದ್ದನೆಯ ಬೋರ್ಡ್. ದೊಡ್ಡ ದೊಡ್ಡ ಅಕ್ಷರಗಳಲ್ಲಿ, ಅಚ್ಚ ಇಂಗ್ಲಿಷಿನಲ್ಲಿ, ಹಳೆಯ ಟೈರುಗಳು ಸಿಗುತ್ತವೆ ಅಂತ ಬರೆದಿತ್ತು.

ನಾನು ಅಲ್ಲೇ ನಿಂತೆ. ಭಾಷೆ ಬೇರೆಯಾಗಿರಲಿಲ್ಲ. ಕನ್ನಡಿಯಲ್ಲಿ ಕಂಡ ಹಾಗೆ ವಿಡಿಯೋವೇ ಮಗುಚಿತ್ತು. ಯಾರದೋ ಫೋನಿನ ಯಾವುದೋ ಆ್ಯಪ್ ಹಾಗೆ ಮಾಡಿತ್ತು. ಎಂಟನ್ನು ಮಗುಚಿದರೂ ಎಂಟೇ ಆಗಿರುವುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

ಕೋಚ್ ಹತ್ತಿರ ಓಡಿದೆ. "ವಿಡಿಯೋ ಉಲ್ಟಾ ಇತ್ತು. ಅವಳು ಬಲಗೈಯವಳು. ಆ ಬೋರ್ಡ್ ನೋಡಿ."

ಅವನು ಬೋರ್ಡ್ ನೋಡಲಿಲ್ಲ. ನನ್ನ ಬೆನ್ನು ತಟ್ಟಿದ. "ನಿನಗೆ ಆಡೋಕೆ ಸಿಗಲಿಲ್ಲ ಅಂತ ಬೇಜಾರು. ಗೊತ್ತಾಗುತ್ತೆ. ಈಗ ಬೇಡ, ಲವ್."

ಎಂಟನೇ ನಂಬರಿನವಳು ಮೈದಾನಕ್ಕಿಳಿದಳು. ಚೆಂಡನ್ನು ಬಲಗೈಗೆ ತೆಗೆದುಕೊಂಡಳು. ನಮ್ಮ ವಾರ್ಡನ್ ಕಲಿತ ಕಡೆಯಿಂದಲೇ ಪೂರ್ತಿ ಶಕ್ತಿ ಹಾಕಿ ಓಡಿದಳು. ಅದು ಈಗ ಆ ಹುಡುಗಿಯ ಕಣ್ಣೆದುರಿನ ಕಡೆ. ಅವಳು ವಾರ್ಡನ್ ಬರುವುದನ್ನು ದೂರದಿಂದಲೇ ನೋಡಿದಳು, ಕಾದಳು, ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು, ಎಸೆದಳು. ವಾರ್ಡನ್ ಓಡಿದ ರಭಸಕ್ಕೆ ಟೈರಿನ ಬೋರ್ಡಿನವರೆಗೂ ಹೋದಳು. ಹಾಗೆಯೇ ನಡೆಯಿತು, ಮತ್ತೆ ಮತ್ತೆ.

ಅರ್ಧ ಆಟ ಮುಗಿದಾಗ ಕೋಚ್ ಎಲ್ಲರನ್ನೂ ಗುಂಪು ಸೇರಿಸಿದ. ಈಗಲಾದರೂ ಯೋಜನೆ ಬದಲಿಸುತ್ತಾನೆ ಅಂದುಕೊಂಡೆ. ಅವನು ಸ್ವರ ತಗ್ಗಿಸಿ ಹೇಳಿದ, "ಯಾರೂ ಮೋಸ ಹೋಗಬೇಡಿ. ನಮ್ಮನ್ನು ದಾರಿ ತಪ್ಪಿಸೋಕೆ ಬೇಕಂತಲೇ ಬಲಗೈಯಲ್ಲಿ ಎಸೀತಿದ್ದಾಳೆ. ಈಗ ನೋಡಿ, ಎಡಗೈಗೆ ಬರ್ತಾಳೆ."

ಅವಳು ಬರಲಿಲ್ಲ. ಯಾರೂ ಸ್ಕೋರ್ ಕೇಳುವ ಹಾಗಿರಲಿಲ್ಲ.

ವಾಪಸು ಮಿನಿಬಸ್ ಹತ್ತಿದೆವು. ಮೋಟರ್‌ವೇಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಕೋಚ್ ಎದ್ದು ನಿಂತು ಗಂಟಲು ಸರಿ ಮಾಡಿಕೊಂಡ. "ಯಾರ ಮೇಲೂ ತಪ್ಪು ಹೊರಿಸೋದಿಲ್ಲ. ಎಲ್ಲರೂ ಚೆನ್ನಾಗಿ ಆಡಿದಿರಿ. ಎಡಗೈಯವಳ ಜೊತೆ ಅಭ್ಯಾಸ ಮಾಡಿದ್ದರಿಂದ ಹೀಗಾಯ್ತು, ಅಷ್ಟೇ."

ಎಲ್ಲರೂ ತಲೆ ಆಡಿಸಿದರು. ಟೀಚರ್ ಕಣ್ಣೊರೆಸಿಕೊಂಡಳು. ನಾನು ಆ ದಿನ ಮೈದಾನದೊಳಕ್ಕೆ ಕಾಲಿಟ್ಟಿರಲಿಲ್ಲ. ಎದುರಿನ ತಂಡದಲ್ಲೂ ಎಡಗೈಯವಳು ಒಬ್ಬಳೂ ಇರಲಿಲ್ಲ. ಇದನ್ನು ಹೇಳಬೇಕೆಂದು ಬಾಯಿ ತೆರೆದೆ.

ಪಕ್ಕದಲ್ಲಿ ಕೂತಿದ್ದ ಬೇಕರಿಯವಳು ನನ್ನ ತೊಡೆಯ ಮೇಲೆ ಕೈ ಇಟ್ಟು ತಡೆದಳು. "ಏನೂ ಹೇಳಬೇಡ. ನಿನ್ನ ಮೇಲೆ ಯಾರಿಗೂ ಸಿಟ್ಟಿಲ್ಲ" ಅಂದಳು. "ನೀನು ಹುಟ್ಟಿದ್ದೇ ಹಾಗೆ, ಪಾಪ."